ಕ್ವಾಡ್ ಬೈಕೋ, ಸೈಡ್-ಬೈ-ಸೈಡೋ? ಕೀಲಿ ಯಾರ ಕೈಗೆ ಹೋಗುತ್ತದೆ ನೋಡಿ

ಮಣ್ಣುದಾರಿ, ಗುಡ್ಡ, ಹೊಲಗಳಲ್ಲಿ ಓಡುವ ನಾಲ್ಕು ಚಕ್ರದ ಗಾಡಿ ಎರಡು ಬಗೆ: ಬೈಕಿನಂತೆ ಏರಿ ಕೂರುವ ಕ್ವಾಡ್ ಬೈಕ್, ಕಾರಿನಂತೆ ಅಕ್ಕಪಕ್ಕ ಕೂರುವ ಸೈಡ್-ಬೈ-ಸೈಡ್. ಯಾವುದು ತಗೊಳ್ಳಲಿ ಎಂದು ಯಾರನ್ನಾದರೂ ಕೇಳಿ ನೋಡಿ. ‘ನಿಮ್ಮ ಬಳಕೆ ಮೇಲೆ ಹೋಗುತ್ತೆ’ ಅನ್ನುತ್ತಾರೆ. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ. ಮಾತು ಸುಳ್ಳಲ್ಲ, ಆದರೆ ಆ ಬೆಳಕಲ್ಲಿ ಏನೂ ಕಾಣುವುದಿಲ್ಲ. ನಾನು ಎಷ್ಟೋ ವರ್ಷ ಕ್ವಾಡ್ ಓಡಿಸಿ ಆಮೇಲೆ ಸೈಡ್-ಬೈ-ಸೈಡ್‌ಗೆ ಬಂದವನು. ಈಗಲೂ ಒಬ್ಬನೇ ಹೊರಟಾಗ ಕೈ ತಾನಾಗಿ ಕ್ವಾಡ್‌ನ ಕೀಲಿಯತ್ತ ಹೋಗುತ್ತದೆ. ಹಾಗಿದ್ದೂ ಬೇರೆಯವರು ಸಲಹೆ ಕೇಳಿದರೆ ಹೆಚ್ಚಿನ ಸಲ ಸೈಡ್-ಬೈ-ಸೈಡ್ ಕಡೆಗೇ ಬೆರಳು ತೋರಿಸುತ್ತೇನೆ. ಯಾಕೆ ಹೀಗೆ ಅಂತ ಬಿಡಿಸಿ ಹೇಳುತ್ತೇನೆ.

ಎರಡರ ಕುಲವೇ ಬೇರೆ

ಕ್ವಾಡ್ ಹುಟ್ಟಿದ್ದು ಬೈಕಿನ ಮನೆಯಲ್ಲಿ. 1970ರಲ್ಲಿ ಹೋಂಡಾ ಬಲೂನಿನಂಥ ಟೈರುಗಳ ಮೂರು ಚಕ್ರದ ಗಾಡಿ ತಂದಿತು. 1982ರಲ್ಲಿ ಸುಜುಕಿಯ ನಾಲ್ಕು ಚಕ್ರದ ಕ್ವಾಡ್‌ರನ್ನರ್ ಬಂತು. ಮೂರು ಚಕ್ರದವು ತಿರುವಿನಲ್ಲಿ ಮಗುಚಿಕೊಂಡು ಎಷ್ಟು ಕೆಟ್ಟ ಹೆಸರು ತಗೊಂಡವೆಂದರೆ, 1988ರಲ್ಲಿ ಅಮೆರಿಕದಲ್ಲಿ ತಯಾರಕರು ಸರ್ಕಾರದ ಜತೆ ಒಪ್ಪಂದಕ್ಕೆ ಬಂದು ಅವುಗಳ ಮಾರಾಟವನ್ನೇ ನಿಲ್ಲಿಸಿದರು. ನಾಲ್ಕು ಚಕ್ರದ್ದು ಉಳಿಯಿತು. ಕಾಲನ್ನು ಎರಡೂ ಬದಿಗೆ ಹಾಕಿ ಕೂರುವುದು, ಹ್ಯಾಂಡಲ್ ಹಿಡಿಯುವುದು, ಹೆಬ್ಬೆರಳಲ್ಲಿ ಥ್ರಾಟಲ್ (ಎಕ್ಸಲರೇಟರ್) ಒತ್ತುವುದು ಇಂದಿಗೂ ಹಾಗೇ ಇದೆ. ಎಟಿವಿ ಎಂದು ಕರೆಯುವುದೂ ಇದನ್ನೇ.

ಸೈಡ್-ಬೈ-ಸೈಡ್ ಹುಟ್ಟಿದ್ದು ಪುಟ್ಟ ಲಾರಿಯ ಮನೆಯಲ್ಲಿ. ಕವಾಸಾಕಿ 1988ರಲ್ಲಿ ಇಂಥದ್ದೊಂದು ತಂದು ಅದಕ್ಕೆ ಮ್ಯೂಲ್, ಅಂದರೆ ಹೇಸರಗತ್ತೆ, ಎಂದು ಹೆಸರಿಟ್ಟಿತು. ಹೆಸರಿಗೆ ತಕ್ಕ ಹಾಗೆ ಅದರ ಕೆಲಸ ಹೊರೆ ಹೊರುವುದು, ನಿಧಾನಕ್ಕೆ ಹೋಗುವುದು. 2004ರ ಮಾದರಿಯಾಗಿ ಬಂದ ಯಮಹಾ ರೈನೋ ಈ ಹೇಸರಗತ್ತೆಗೆ ಓಡುವುದನ್ನೂ ಕಲಿಸಿತು. ಅಲ್ಲಿಂದಾಚೆಗೆ ಪೊಲಾರಿಸ್, ಕ್ಯಾನ್-ಆ್ಯಮ್, ಹೋಂಡಾ ಎಲ್ಲರೂ ಈ ಕಣಕ್ಕೆ ಇಳಿದರು. ಸ್ಟೀರಿಂಗ್, ಕಾಲಡಿ ಪೆಡಲ್, ಸೀಟ್ ಬೆಲ್ಟ್, ತಲೆ ಮೇಲೆ ಉಕ್ಕಿನ ಕೊಳವೆಗಳ ಪಂಜರ, ಹಿಂದೆ ಸಾಮಾನು ತೊಟ್ಟಿ: ಇದು ಯುಟಿವಿ ಎಂದೂ ಕರೆಸಿಕೊಳ್ಳುವ ಗಾಡಿಯ ಚಹರೆ.

ಒಂದು ಕುದುರೆ, ಇನ್ನೊಂದು ಬಂಡಿ. ಕುದುರೆ ಏರಲು ಬಾರದವನೂ ಬಂಡಿಯಲ್ಲಿ ಕೂತು ಹೋಗಬಹುದು. ಆದರೆ ಬಂಡಿ ಹೋಗಲಾರದ ಕಡೆ ಕುದುರೆ ಹೋಗುತ್ತದೆ.

ಸವಾರನ ಮೈ ಕೂಡ ಬಿಡಿಭಾಗವೇ

ಕ್ವಾಡ್ ಬಗ್ಗೆ ಹೊಸಬರಿಗೆ ಅರ್ಥವಾಗದ ವಿಷಯ ಇದೊಂದೇ, ಮತ್ತು ಮುಖ್ಯವಾದ ವಿಷಯವೂ ಇದೇ. ನಾಲ್ಕು ಚಕ್ರ ಇದೆಯಲ್ಲ, ತಾನಾಗಿ ನಿಂತುಕೊಳ್ಳುತ್ತದೆ ಅಂದುಕೊಳ್ಳುತ್ತಾರೆ. ಸಮತಟ್ಟಿನಲ್ಲಿ ನಿಲ್ಲುತ್ತದೆ, ಸರಿ. ಆದರೆ ಕೆಲಸಕ್ಕೆ ಬಳಸುವ ಸಾಧಾರಣ ಕ್ವಾಡ್‌ನ ತೂಕ ಸುಮಾರು 300 ಕಿಲೋ. ಅದರ ಮೇಲೆ 75 ಕಿಲೋ ಮನುಷ್ಯ ಕೂತರೆ ಗಾಡಿಯ ತೂಕದ ಕಾಲು ಭಾಗದಷ್ಟು ಭಾರ ಸೀಟಿನ ಮೇಲೆ, ಎತ್ತರದಲ್ಲಿ, ಅತ್ತಿತ್ತ ಓಲಾಡುತ್ತಾ ಇರುತ್ತದೆ. ಆ ಭಾರ ಎಲ್ಲಿದೆ ಅನ್ನುವುದರ ಮೇಲೆ ಗಾಡಿ ನಿಲ್ಲುತ್ತದೋ ಮಗುಚುತ್ತದೋ ತೀರ್ಮಾನವಾಗುತ್ತದೆ. ಏರು ಹತ್ತುವಾಗ ಎದೆಯನ್ನು ಹ್ಯಾಂಡಲ್ ಕಡೆಗೆ ತರಬೇಕು. ಇಳಿಯುವಾಗ ಸೊಂಟ ಹಿಂದಕ್ಕೆ ಹೋಗಬೇಕು. ಇಳಿಜಾರಿಗೆ ಅಡ್ಡಡ್ಡ ಹೋಗುವಾಗ ಮೇಲಿನ ಬದಿಗೆ ವಾಲಬೇಕು. ತಿರುವಿನಲ್ಲಿ ಒಳಬದಿಗೆ. ಕಾರು ಓಡಿಸಿ ರೂಢಿಯಾದವರು ಇದೇನೂ ಮಾಡದೆ ಸೋಫಾದಲ್ಲಿ ಕೂತ ಹಾಗೆ ಕೂತಿರುತ್ತಾರೆ. ನೋಡುತ್ತಿದ್ದರೆ ನಮ್ಮ ಎದೆ ಧಸಕ್ಕೆನ್ನುತ್ತದೆ.

ಸೈಡ್-ಬೈ-ಸೈಡ್‌ನ ಲೆಕ್ಕ ಬೇರೆ. ಗಾಡಿಯೇ 600ರಿಂದ 900 ಕಿಲೋ ಇರುತ್ತದೆ, ಚಕ್ರಗಳು ಅಗಲಕ್ಕೆ ಇರುತ್ತವೆ, ನೀವು ತಗ್ಗಿನಲ್ಲಿ ಬೆಲ್ಟ್ ಬಿಗಿದು ಕೂತಿರುತ್ತೀರಿ. ವಾಲಿದರೂ ಬಿಟ್ಟರೂ ಗಾಡಿಗೆ ಹೆಚ್ಚೇನೂ ವ್ಯತ್ಯಾಸವಿಲ್ಲ. ಕಲಿಯುವುದು ಸುಲಭ, ದಣಿವು ಕಡಿಮೆ. ಮೊಣಕಾಲು ನೋವಿರುವವರು, ವಯಸ್ಸಾದವರು, ಅಪರೂಪಕ್ಕೆ ಓಡಿಸುವವರು ಎಲ್ಲರಿಗೂ ಒಗ್ಗುತ್ತದೆ. ಕ್ವಾಡ್ ಓಡಿಸುವವರು ಇದಕ್ಕೆ ಮಜಾ ಇಲ್ಲ ಅನ್ನುತ್ತಾರೆ. ನಾನೂ ಅನ್ನುತ್ತಿದ್ದೆ.

ಒಂದು ಸಲ ಕ್ವಾಡ್‌ನ ಹಿಂದಿನ ಕ್ಯಾರಿಯರ್ ಮೇಲೆ ಔಷಧಿ ಸಿಂಪಡಿಸುವ ಟ್ಯಾಂಕ್ ಕಟ್ಟಿಕೊಂಡು ಏರು ಹತ್ತುತ್ತಿದ್ದೆ. ಟ್ಯಾಂಕ್ ಅರ್ಧ ಖಾಲಿಯಾಗಿತ್ತು, ಭಾರ ಇಳಿದಿದೆ ಎಂಬ ಧೈರ್ಯ. ಅರ್ಧ ಏರಿನಲ್ಲಿ ಎಂಜಿನ್ ನಿಂತಿತು. ಒಳಗಿದ್ದ ನೀರು ಹಿಂದಕ್ಕೆ ದಬ್ಬೆಂದು ಬಡಿದದ್ದು ಬೆನ್ನಿಗೇ ತಾಗಿದಂತಾಯಿತು, ಮುಂದಿನ ಚಕ್ರ ಒಂದು ಗೇಣು ಎದ್ದು ಮತ್ತೆ ಕೂತಿತು. ತುಂಬಿದ ಟ್ಯಾಂಕ್ ಬರೀ ಭಾರ. ಅರ್ಧ ತುಂಬಿದ್ದು ಜೀವ ಇರುವ ಭಾರ. ಆಗ ಹಿಂದಕ್ಕೆ ಉರುಳಲು ಬಿಟ್ಟು ಗಾಬರಿಯಲ್ಲಿ ಹಿಂದಿನ ಬ್ರೇಕ್ ಒತ್ತಿದ್ದರೆ ಗಾಡಿ ನನ್ನ ಮೇಲೇ ಮಗುಚುತ್ತಿತ್ತು. ಮುಂದಿನ ಬ್ರೇಕ್ ಹಿಡಿದು, ಮೈಯನ್ನು ಹ್ಯಾಂಡಲ್ ಮೇಲೆ ಬಗ್ಗಿಸಿ, ಪಾರ್ಕಿಂಗ್ ಬ್ರೇಕ್ ಹಾಕಿ, ಇಳಿಜಾರಿನ ಮೇಲುಬದಿಗೆ ಇಳಿದುಕೊಂಡೆ. ಇದನ್ನು ಯಾರೋ ಹಿಂದೆ ಹೇಳಿಕೊಟ್ಟಿದ್ದರು, ಹಾಗಾಗಿ ಗೊತ್ತಿತ್ತು. ಹೇಳಿಕೊಡದೆ ತಾನಾಗಿ ಹೊಳೆಯುವ ಬುದ್ಧಿಯಲ್ಲ ಅದು.

ಮಗುಚಿದಾಗ ಏನಾಗುತ್ತದೆ

ಕ್ವಾಡ್ ಮಗುಚಿದರೆ ಎರಡೇ ದಾರಿ: ನೀವು ಆಚೆ ಬೀಳುತ್ತೀರಿ, ಇಲ್ಲವೇ ಅದರ ಕೆಳಗೆ ಸಿಕ್ಕಿಕೊಳ್ಳುತ್ತೀರಿ. ಕೆಳಗೆ ಸಿಕ್ಕಿಕೊಂಡಾಗ ಮೂಳೆ ಮುರಿಯದೆಯೂ ಪ್ರಾಣ ಹೋಗಬಹುದು. ಎದೆ ಮೇಲೆ 300 ಕಿಲೋ ಕೂತರೆ ಉಸಿರೆಳೆಯಲು ಆಗುವುದಿಲ್ಲ, ಒಬ್ಬರೇ ಇದ್ದರೆ ಎತ್ತುವವರೂ ಇರುವುದಿಲ್ಲ. ಈ ಕಾರಣಕ್ಕೇ ಆಸ್ಟ್ರೇಲಿಯಾದಲ್ಲಿ 2021ರ ಅಕ್ಟೋಬರ್‌ನಿಂದ ಸಾಮಾನ್ಯ ಬಳಕೆಯ ಹೊಸ ಕ್ವಾಡ್‌ಗಳಿಗೆ ಸವಾರನ ರಕ್ಷಣೆಯ ಚೌಕಟ್ಟು ಕಡ್ಡಾಯವಾಯಿತು. ಸವಾರನ ಬೆನ್ನ ಹಿಂದೆ ಕಮಾನಿನಂತೆ ನಿಲ್ಲುವ ಕೊಳವೆ ಅದು. ಗಾಡಿ ಮಗುಚಿದರೂ ನೆಲಕ್ಕೂ ಸೀಟಿಗೂ ನಡುವೆ ಒಂದಿಷ್ಟು ಜಾಗ ಉಳಿಸುತ್ತದೆ. ಗಾಡಿಯನ್ನು ಎಷ್ಟು ಓರೆ ಮಾಡಿದರೆ ಉರುಳುತ್ತದೆ ಎಂಬ ಪರೀಕ್ಷೆಯ ಅಂಕಿಯನ್ನೂ ಮಾರುವಾಗ ಚೀಟಿಯಲ್ಲಿ ಬರೆದು ಗಾಡಿಗೆ ತೂಗುಹಾಕಬೇಕು ಎಂದಾಯಿತು. ಕೆಲವು ದೊಡ್ಡ ತಯಾರಕರು ಇದನ್ನು ಒಪ್ಪದೆ ಅಲ್ಲಿ ಕ್ವಾಡ್ ಮಾರುವುದನ್ನೇ ಬಿಟ್ಟರು. ಆ ಜಗಳದಲ್ಲಿ ಯಾರು ಸರಿ ಎಂಬ ವಾದ ಏನೇ ಇರಲಿ, ಕಡಿದಾದ ಜಾಗದಲ್ಲಿ ಒಬ್ಬರೇ ಓಡಾಡುವವರು ಆ ಕಮಾನನ್ನು ಕಾನೂನು ಕೇಳದಿದ್ದರೂ ಹಾಕಿಸಿಕೊಳ್ಳಲಿ ಎಂಬುದು ನನ್ನ ಅಭಿಪ್ರಾಯ.

ಸೈಡ್-ಬೈ-ಸೈಡ್‌ನ ಪಂಜರ ಇದಕ್ಕಿಂತ ಎಷ್ಟೋ ಮೇಲು, ಒಂದು ಷರತ್ತಿನ ಮೇಲೆ. ನೀವು ಪಂಜರದ ಒಳಗೆ ಉಳಿಯಬೇಕು. ಬೆಲ್ಟ್ ಹಾಕದಿದ್ದರೆ ಗಾಡಿ ಉರುಳುವಾಗ ನೀವು ಅರ್ಧ ಆಚೆ ಬೀಳುತ್ತೀರಿ, ಕಾಪಾಡಬೇಕಾದ ಅದೇ ಕೊಳವೆ ನಿಮ್ಮ ಮೇಲೆ ಬೀಳುತ್ತದೆ. ಬೆಲ್ಟ್ ಹಾಕಿದವರೂ ಮಾಡುವ ತಪ್ಪೊಂದಿದೆ: ಗಾಡಿ ವಾಲಿದೊಡನೆ ನೆಲಕ್ಕೆ ಕೈಯೋ ಕಾಲೋ ಕೊಡಲು ಹೋಗುವುದು. ಬೈಕ್ ಓಡಿಸಿದವರಿಗಂತೂ ಅದು ರಕ್ತದಲ್ಲೇ ಇರುತ್ತದೆ. ಬದಿಯ ಬಲೆ ಅಥವಾ ಬಾಗಿಲು ಇರುವುದು ಚಂದಕ್ಕಲ್ಲ, ಈ ಕೈಕಾಲನ್ನು ತಡೆಯುವುದಕ್ಕೆ. ಪಂಜರ ಇದ್ದ ಮಾತ್ರಕ್ಕೆ ಗಾಡಿ ಉರುಳುವುದೇ ಇಲ್ಲ ಅಂತಲೂ ಅಲ್ಲ. 2009ರಲ್ಲಿ ಅಮೆರಿಕದಲ್ಲಿ ರೈನೋ ಗಾಡಿಗಳನ್ನು ಉಚಿತ ದುರಸ್ತಿಗೆ ವಾಪಸ್ ಕರೆಸಿ, ಹಿಂದಿನ ಚಕ್ರಗಳನ್ನು ಹೊರಕ್ಕೆ ಸರಿಸುವ ಸ್ಪೇಸರ್ ಹಾಕಿ, ಹಿಂದಿನ ಆ್ಯಂಟಿ-ಸ್ವೇ ಬಾರ್ (ಎರಡೂ ಬದಿಯ ಚಕ್ರಗಳ ಸಸ್ಪೆನ್ಷನ್ ಜೋಡಿಸುವ ಕಂಬಿ) ತೆಗೆಯಬೇಕಾಗಿ ಬಂತು. ಉರುಳುವ ಅಪಾಯ ತಗ್ಗಿಸಲೆಂದೇ ಮಾಡಿದ ಬದಲಾವಣೆ ಅದು. ಈಗಿನ ಹಲವು ಮಾದರಿಗಳು ಬೆಲ್ಟ್ ಹಾಕದಿದ್ದರೆ ಸುಮಾರು 25 ಕಿಲೋಮೀಟರ್ ವೇಗದ ಮೇಲೆ ಹೋಗುವುದಿಲ್ಲ. ಆ ಕಾಟ ತಪ್ಪಿಸಲು ಬೆಲ್ಟನ್ನು ಬೆನ್ನ ಹಿಂದಿನಿಂದ ಸಿಕ್ಕಿಸಿ ಕೂರುವ ಜಾಣರನ್ನು ಕಂಡಿದ್ದೇನೆ. ಅಂಥವರಿಗೆ ಕ್ವಾಡ್ ವಾಸಿ ಅಂತಲೂ ಹೇಳಲಾರೆ, ಸೈಡ್-ಬೈ-ಸೈಡ್ ವಾಸಿ ಅಂತಲೂ ಹೇಳಲಾರೆ. ನಡೆದುಕೊಂಡು ಹೋಗುವುದು ವಾಸಿ.

ಹೆಲ್ಮೆಟ್ ಎರಡಕ್ಕೂ ಬೇಕು. ಅದರಲ್ಲಿ ಚರ್ಚೆ ಇಲ್ಲ.

ಹಿಂದೆ ಯಾರು ಕೂರುತ್ತಾರೆ?

ಸಾಧಾರಣ ಕ್ವಾಡ್‌ನ ಸೀಟು ಉದ್ದಕ್ಕೆ ಇರುತ್ತದೆ. ಇಬ್ಬರಿಗೆ ಜಾಗ ಇದೆ ಅನ್ನಿಸುತ್ತದೆ. ಆ ಉದ್ದ ಇರುವುದು ಸವಾರ ಹಿಂದೆ ಮುಂದೆ ಸರಿಯಲಿ ಎಂದು. ಹಿಂದೆ ಒಬ್ಬರನ್ನು ಕೂರಿಸಿದ ಕ್ಷಣಕ್ಕೆ ನೀವು ಸರಿಯುವ ಜಾಗ ಮುಗಿಯಿತು, ಭಾರ ಹಿಂದಿನ ಅಚ್ಚಿನ ಮೇಲೆ ಹೋಯಿತು. ಇಬ್ಬರಿಗೆಂದೇ ಉದ್ದದ ಚಾಸಿ, ಹಿಂದೆ ಒರಗು, ಹಿಡಿಕೆ ಇಟ್ಟು ಮಾಡಿದ ಮಾದರಿಗಳಿವೆ. ಹಿಂದೆ ಯಾರಾದರೂ ಕೂರುವುದು ಖಚಿತವಾಗಿದ್ದರೆ ಅವನ್ನೇ ನೋಡಿ, ಇಲ್ಲವೇ ನೇರವಾಗಿ ಸೈಡ್-ಬೈ-ಸೈಡ್‌ಗೆ ಬನ್ನಿ. ಮೂರನೆಯ ದಾರಿ ಇಲ್ಲ.

ಮಕ್ಕಳ ವಿಷಯಕ್ಕೆ ಬಂದರೆ ನಾನು ಸ್ವಲ್ಪ ಕಟುವಾಗುತ್ತೇನೆ. 16 ವರ್ಷದೊಳಗಿನವರು ದೊಡ್ಡವರ ಕ್ವಾಡ್ ಓಡಿಸಬಾರದು ಎಂಬುದು ಅಮೆರಿಕದ ಸುರಕ್ಷತಾ ಆಯೋಗದ ಬಹಳ ಹಳೆಯ ಮಾತು, ತಯಾರಕರೂ ಗಾಡಿಯ ಮೇಲೆ ಇದನ್ನೇ ಅಂಟಿಸಿರುತ್ತಾರೆ. 40 ಕಿಲೋ ಹುಡುಗ ಎಷ್ಟು ವಾಲಿದರೂ 300 ಕಿಲೋ ಗಾಡಿ ಅವನ ಮಾತು ಕೇಳುವುದಿಲ್ಲ, ಅದಕ್ಕೆ. ಸೈಡ್-ಬೈ-ಸೈಡ್‌ನಲ್ಲಿ ಪಕ್ಕದ ಸೀಟಿಗೆ ಕೂರಿಸುವುದಾದರೂ ಒಂದು ಪರೀಕ್ಷೆ ಇದೆ: ಬೆನ್ನು ಪೂರ್ತಿ ಸೀಟಿಗೆ ಒರಗಿರಬೇಕು, ಪಾದ ಎರಡೂ ನೆಲಕ್ಕೆ ಊರಿರಬೇಕು, ಕೈ ಹಿಡಿಕೆಗೆ ಎಟುಕಬೇಕು. ಪಾದ ತೂಗಾಡುತ್ತಿದ್ದರೆ ಇನ್ನೊಂದು ವರ್ಷ ಕಾಯಲಿ. ಅಳುತ್ತದೆ, ಅಳಲಿ.

ಅಳತೆ ಟೇಪ್

ಇಲ್ಲಿ ಕ್ವಾಡ್ ಗೆಲ್ಲುತ್ತದೆ, ಅದೂ ಕಣ್ಣುಮುಚ್ಚಿ. ಕ್ವಾಡ್‌ನ ಅಗಲ ಸುಮಾರು 1.2 ಮೀಟರ್. ಕೆಲಸದ ಸೈಡ್-ಬೈ-ಸೈಡ್ 1.5 ಮೀಟರ್ ದಾಟುತ್ತದೆ, ಓಟದ ಜಾತಿಯ ಕೆಲವು 1.8 ಮೀಟರನ್ನೂ ದಾಟುತ್ತವೆ. ಅಮೆರಿಕದ ಕಾಡುದಾರಿಗಳಲ್ಲಿ ಎಷ್ಟೋ ಕಡೆ 50 ಅಂಗುಲ, ಅಂದರೆ 127 ಸೆಂಟಿಮೀಟರ್, ಮೀರಿದ ಗಾಡಿಗೆ ಪ್ರವೇಶವಿಲ್ಲ. ಪೊಲಾರಿಸ್ 2008ರ ಮಾದರಿಯಾಗಿ ತಂದ ಮೊದಲ ಆರ್‌ಝಡ್‌ಆರ್ ಎಂಬ ಸೈಡ್-ಬೈ-ಸೈಡ್ ಅನ್ನು ಸರಿಯಾಗಿ ಆ 50 ಅಂಗುಲಕ್ಕೇ ಕೂರಿಸಿತ್ತು. ಆದ್ದರಿಂದ ಟೇಪ್ ಹಿಡಿದು ಹೊರಡಿ. ನೀವು ದಿನಾ ದಾಟುವ ಅತಿ ಕಿರಿದಾದ ಗೇಟು, ಎರಡು ಮರಗಳ ನಡುವಿನ ಸಂದು, ಹಳ್ಳದ ಮೇಲಿನ ಹಲಗೆ ಸೇತುವೆ, ಗಾಡಿ ನಿಲ್ಲಿಸುವ ಶೆಡ್‌ನ ಬಾಗಿಲು, ಎಲ್ಲವನ್ನೂ ಅಳೆಯಿರಿ. ಎತ್ತರವನ್ನೂ ಅಳೆಯಿರಿ, ಅದನ್ನೇ ಎಲ್ಲರೂ ಮರೆಯುವುದು. ಕ್ವಾಡ್ ಮೇಲೆ ಕೂತವರು ಕೊಂಬೆ ಬಂದರೆ ತಲೆ ತಗ್ಗಿಸುತ್ತಾರೆ. ಪಂಜರ ತಲೆ ತಗ್ಗಿಸುವುದಿಲ್ಲ.

ತಿರುಗಿಸುವುದೂ ಹಾಗೆಯೇ. ಕ್ವಾಡ್‌ನ ಮುಂದಿನ ಹಿಂದಿನ ಅಚ್ಚುಗಳ ನಡುವೆ ಸುಮಾರು 1.3 ಮೀಟರ್ ಅಂತರ, ದಾರಿ ಮುಚ್ಚಿದ್ದರೆ ನಿಂತಲ್ಲೇ ಎರಡು ಸಲ ಹಿಂದೆ ಮುಂದೆ ಮಾಡಿ ವಾಪಸ್ ಬರಬಹುದು. ಸೈಡ್-ಬೈ-ಸೈಡ್‌ನಲ್ಲಿ ಅಂಥ ಕಡೆ ರಿವರ್ಸ್ ಗೇರೇ ಗತಿ, ಹಿಂದಿನ ತೊಟ್ಟಿ ನೆಲವನ್ನು ಮರೆ ಮಾಡಿರುತ್ತದೆ. ಕೆಸರಲ್ಲಿ ಹೂತರೂ ಅಷ್ಟೇ: ಕ್ವಾಡ್‌ನ ಒಂದು ತುದಿಯನ್ನು ಗಟ್ಟಿ ಆಳು ಎತ್ತಿ ಪಕ್ಕಕ್ಕೆ ಇಡಬಲ್ಲ. ಇನ್ನೊಂದಕ್ಕೆ ವಿಂಚ್ (ಹಗ್ಗ ಸುತ್ತಿ ಗಾಡಿ ಎಳೆಯುವ ಯಂತ್ರ) ಬೇಕು, ವಿಂಚ್ ಕಟ್ಟಲು ಮರ ಬೇಕು, ಮರ ಸರಿಯಾದ ಕಡೆ ಇರಬೇಕು.

ಹೊರೆ

ಕ್ವಾಡ್‌ನ ಮುಂದಿನ ಕ್ಯಾರಿಯರ್ ಮೇಲೆ 40 ಕಿಲೋ, ಹಿಂದಿನದರ ಮೇಲೆ 80 ಕಿಲೋ ಆಸುಪಾಸು. ಮಾದರಿಯಿಂದ ಮಾದರಿಗೆ ಬದಲಾಗುತ್ತದೆ, ಗಾಡಿಯ ಮೇಲೇ ಬರೆದಿರುತ್ತಾರೆ. ಅದೂ ಸವಾರನ ಸೊಂಟದ ಮಟ್ಟಕ್ಕೆ ಕಟ್ಟುವ ಹೊರೆ, ಮೇಲೆ ಹೇಳಿದ ಟ್ಯಾಂಕಿನ ಕಥೆ ನೆನಪಿರಲಿ. ಸೈಡ್-ಬೈ-ಸೈಡ್‌ನ ತೊಟ್ಟಿ 200ರಿಂದ 450 ಕಿಲೋವರೆಗೆ ಹೊರುತ್ತದೆ, ಕೆಲಸದ ಮಾದರಿಗಳಲ್ಲಿ ಲಾರಿಯ ಹಾಗೆ ಎತ್ತಿ ಸುರಿಯಲೂ ಬರುತ್ತದೆ. ಕಲ್ಲು, ಮಣ್ಣು, ಕಟ್ಟಿಗೆ, ಬೇಲಿಗೂಟ ಇವು ನಿಮ್ಮ ದಿನದ ಕೆಲಸವಾಗಿದ್ದರೆ ಯೋಚನೆಯೇ ಬೇಡ. ಕ್ವಾಡ್‌ಗೂ ಹಿಂದೆ ಸಣ್ಣ ಟ್ರೇಲರ್ ಕಟ್ಟಬಹುದು, ಸಮತಟ್ಟು ನೆಲದಲ್ಲಿ ಅದು ಅಗ್ಗದ ಉಪಾಯ. ಇಳಿಜಾರಿನಲ್ಲಿ ಮಾತ್ರ ಟ್ರೇಲರ್ ಹಿಂದಿನಿಂದ ನೂಕಲು ಶುರುಮಾಡಿದರೆ ಹಗುರವಾದ ಕ್ವಾಡ್ ಅದಕ್ಕೆ ಮಣಿಯುತ್ತದೆ.

ಹತ್ತಿ ಇಳಿಯುವ ಲೆಕ್ಕ ಬೇರೆಯೇ ಇದೆ. ಬೇಲಿ ನೋಡಿಕೊಂಡು ಹೋಗುವ ಕೆಲಸದಲ್ಲಿ ಬೆಳಗ್ಗೆ ಒಂದರಲ್ಲೇ 40 ಸಲ ಇಳಿದು ಹತ್ತಬೇಕಾಗುತ್ತದೆ. ಕ್ವಾಡ್‌ನಲ್ಲಿ ಒಂದು ಕಾಲು ಆಚೆ ಎಸೆದರೆ ಇಳಿದಂತೆ. ಸೈಡ್-ಬೈ-ಸೈಡ್‌ನಲ್ಲಿ ಬೆಲ್ಟ್ ಬಿಚ್ಚು, ಬಲೆ ತೆಗೆ, ಇಳಿ, ಹತ್ತು, ಬಲೆ ಹಾಕು, ಬೆಲ್ಟ್ ಹಾಕು. ಹತ್ತನೆಯ ಸಲಕ್ಕೆ ಯಾರೇ ಆದರೂ ಬೆಲ್ಟ್ ಬಿಡುತ್ತಾರೆ. ಇಂಥ ಕೆಲಸ, ಅದೂ ಒಬ್ಬರೇ, ಅದೂ ಹೆಚ್ಚು ಕಡಿದಲ್ಲದ ನೆಲ ಅಂದರೆ ನಾನು ಕ್ವಾಡ್ ಎನ್ನುತ್ತೇನೆ.

ದೂರ ಹೋಗುವವರ ಮಾತು ಬೇರೆ. ಮೂರು ತಾಸು ಹೆಬ್ಬೆರಳಲ್ಲಿ ಥ್ರಾಟಲ್ ಒತ್ತಿ ನೋಡಿ, ರಾತ್ರಿ ಲೋಟ ಎತ್ತುವಾಗ ಆ ಬೆರಳು ನೆನಪಿಸುತ್ತದೆ. ಮಳೆ, ಬಿಸಿಲು, ಮುಳ್ಳು, ಹುಳ ಎಲ್ಲ ಮೈಮೇಲೆ. ಸೈಡ್-ಬೈ-ಸೈಡ್‌ಗೆ ಚಾವಣಿ, ಗಾಜು, ಬಾಗಿಲು, ಹೀಟರ್ ಏನು ಬೇಕಾದರೂ ಹಾಕಿಸಬಹುದು, ಎಲ್ಲಕ್ಕೂ ಬೇರೆ ದುಡ್ಡು. ಒಂದು ಎಚ್ಚರ: ಮುಂದೆ ಮಾತ್ರ ಪೂರ್ತಿ ಗಾಜು ಹಾಕಿಸಿ ಹಿಂದೆ ಬಯಲಾಗಿ ಬಿಟ್ಟರೆ ಗಾಡಿ ಎಬ್ಬಿಸಿದ ಧೂಳೆಲ್ಲ ಹಿಂದಿನಿಂದ ಸುತ್ತಿ ಬಂದು ನಿಮ್ಮ ಕುತ್ತಿಗೆಗೇ ಬೀಳುತ್ತದೆ. ಹಿಂದೆಯೂ ಒಂದು ಹಾಳೆ ಹಾಕಿಸಿ.

ಎಂಜಿನ್, ಸಾಗಣೆ, ಸೆಕೆಂಡ್ ಹ್ಯಾಂಡ್

ಎಂಜಿನ್ ಬಗ್ಗೆ ಜನ ತಾಸುಗಟ್ಟಲೆ ಮಾತಾಡುತ್ತಾರೆ, ಆಯ್ಕೆಗೆ ಅದು ಅಷ್ಟು ಮುಖ್ಯವಲ್ಲ. ಎರಡರಲ್ಲೂ ಹೆಚ್ಚಿನವು ರಬ್ಬರ್ ಬೆಲ್ಟಿನ ಸಿವಿಟಿ, ಅಂದರೆ ಸ್ಕೂಟರಿನ ಹಾಗೆ ಓಡುವಾಗ ಗೇರ್ ಬದಲಿಸಬೇಕಿಲ್ಲ. ಭಾರ ಎಳೆಯುವಾಗ, ನಿಧಾನಕ್ಕೆ ಏರು ಹತ್ತುವಾಗ ಲೋ ಗೇರ್ ಹಾಕದಿದ್ದರೆ ಬೆಲ್ಟ್ ಸುಟ್ಟ ವಾಸನೆ ಬರುತ್ತದೆ, ಎರಡರಲ್ಲೂ. ಕೈಗೇರಿನ, ಹಿಂದಿನ ಎರಡೇ ಚಕ್ರಕ್ಕೆ ಶಕ್ತಿ ಹೋಗುವ ಸ್ಪೋರ್ಟ್ ಕ್ವಾಡ್ ಬೇರೆಯೇ ಪ್ರಾಣಿ. ಅದು ಆಟಕ್ಕೆ, ಕೆಲಸಕ್ಕಲ್ಲ. ಟಾರು ರಸ್ತೆಗೆಂದು ಎರಡನ್ನೂ ಮಾಡಿಲ್ಲ. ಗಾಳಿ ಕಡಿಮೆ ತುಂಬಿದ ಮೆತ್ತನೆ ಟೈರು ಮಣ್ಣಲ್ಲಿ ಜಾರಿಕೊಂಡು ತಿರುಗುತ್ತದೆ, ಟಾರಿನಲ್ಲಿ ಕಚ್ಚಿ ಹಿಡಿದು ಗಾಡಿಯನ್ನು ಎತ್ತಿ ಹಾಕುತ್ತದೆ.

ಕ್ವಾಡ್ ಅನ್ನು ಪಿಕಪ್‌ನ ಹಿಂದೆ ಏರಿಸಿಕೊಂಡು ಹೋಗಬಹುದು. ಸೈಡ್-ಬೈ-ಸೈಡ್‌ಗೆ ಹೆಚ್ಚಿನ ಸಲ ಟ್ರೇಲರ್ ಬೇಕು, ಟ್ರೇಲರ್ ಎಳೆಯುವ ಗಾಡಿ ಬೇಕು, ಎರಡನ್ನೂ ನಿಲ್ಲಿಸಲು ಜಾಗ ಬೇಕು. ಬೆಲೆಯ ವ್ಯತ್ಯಾಸ ನೋಡುವಾಗ ಇದನ್ನೂ ಸೇರಿಸಿಕೊಳ್ಳಿ.

ಹಳೆಯದು ಕೊಳ್ಳುವುದಾದರೆ ಮೀಟರ್‌ನಲ್ಲಿ ಕಿಲೋಮೀಟರ್ ಜತೆ ತಾಸಿನ ಲೆಕ್ಕವೂ ಇರುತ್ತದೆ, ಭಾಗಿಸಿ ನೋಡಿ. 3000 ಕಿಲೋಮೀಟರ್‌ಗೆ 300 ತಾಸು ಅಂದರೆ ತಾಸಿಗೆ 10 ಕಿಲೋಮೀಟರ್: ನಿಧಾನಕ್ಕೆ ದುಡಿದ ಗಾಡಿ, ಬಹಳ ಹೊತ್ತು ನಿಂತಲ್ಲೇ ಎಂಜಿನ್ ಓಡಿದೆ. ಅಷ್ಟೇ ದೂರಕ್ಕೆ 90 ತಾಸು ಇದ್ದರೆ ಯಾರೋ ಓಡಿಸಿ ಮಜಾ ಮಾಡಿದ್ದಾರೆ, ಸಸ್ಪೆನ್ಷನ್ ಜಾಯಿಂಟುಗಳನ್ನು ಅಲ್ಲಾಡಿಸಿ ನೋಡಿ. ಏರ್ ಫಿಲ್ಟರ್ ಪೆಟ್ಟಿಗೆ ತೆಗೆಸಿ, ಫಿಲ್ಟರ್‌ನಿಂದಾಚೆಗೆ, ಎಂಜಿನ್ ಕಡೆಯ ಕೊಳವೆಯೊಳಗೆ ಬೆರಳಾಡಿಸಿ. ಬೆರಳಿಗೆ ಧೂಳು ಹತ್ತಿದರೆ ಮಾತು ಮುಂದುವರಿಸಬೇಡಿ. ಸೈಡ್-ಬೈ-ಸೈಡ್ ಆದರೆ ಪಂಜರದ ಬುಡದಲ್ಲಿ ವೆಲ್ಡಿಂಗ್ ಬಣ್ಣ ಉಳಿದ ಕಡೆಗಿಂತ ಹೊಸದಾಗಿ ಕಾಣುತ್ತಿದೆಯೇ ನೋಡಿ. ಒಮ್ಮೆ ಉರುಳಿ ನೆಟ್ಟಗೆ ಮಾಡಿಸಿದ ಪಂಜರ ಎರಡನೆಯ ಸಲ ಕಾಯುತ್ತದೆ ಎಂಬ ಭರವಸೆ ಇಲ್ಲ.

ಓಡಿಸಿ ನೋಡಲು ಹೋಗುವಾಗ

ಒಬ್ಬರೇ ಹೋಗಬೇಡಿ. ನಾನು ಕ್ವಾಡ್ ಕೊಂಡಾಗ ಮಾಡಿದ ತಪ್ಪು ಅದೇ. ನನ್ನ ಉದ್ದ, ನನ್ನ ತೂಕ, ನನ್ನ ಅಭ್ಯಾಸಕ್ಕೆ ಒಪ್ಪುವುದನ್ನು ತಂದು ನಿಲ್ಲಿಸಿದೆ. ಆರು ತಿಂಗಳಲ್ಲಿ ಅದರ ಕೀಲಿ ಗೂಟದಿಂದ ಯಾರು ಯಾರ ಕೈಗೋ ಹೋಗತೊಡಗಿತು. ತಂಗಿ, ಕೆಲಸಕ್ಕೆ ಬಂದವರು, ರಜೆಗೆ ಬಂದ ನೆಂಟರ ಹುಡುಗ. ಯಾರಿಗೂ ಏನೂ ಆಗಲಿಲ್ಲ, ನಮ್ಮ ಅದೃಷ್ಟ. ಗಾಡಿ ಕೊಳ್ಳುವವರು ಒಬ್ಬರು, ಓಡಿಸುವವರು ನಾಲ್ವರು. ಆ ನಾಲ್ವರಲ್ಲಿ ಎಲ್ಲರಿಗಿಂತ ಹಗುರ ಮೈಯವರು, ಎಲ್ಲರಿಗಿಂತ ಕಡಿಮೆ ಓಡಿಸಿದವರು ಯಾರೋ ಅವರನ್ನೇ ಕರೆದುಕೊಂಡು ಹೋಗಿ.

ಅವರನ್ನು ಕ್ವಾಡ್ ಮೇಲೆ ಕೂರಿಸಿ, ಹ್ಯಾಂಡಲ್ ಒಂದು ಬದಿಗೆ ಪೂರ್ತಿ ತಿರುಗಿಸಲು ಹೇಳಿ. ದೂರದ ತುದಿಯ ಹಿಡಿ ಕೈಗೆ ಎಟುಕುತ್ತದೆಯೇ? ಎಟುಕಿದಾಗ ಬ್ರೇಕ್ ಮೇಲೆ ಬೆರಳು ನಿಲ್ಲುತ್ತದೆಯೇ? ಕಾಲ ಮೇಲೆ ಎದ್ದು ನಿಂತು ಸೊಂಟವನ್ನು ಹಿಂದಿನ ಕ್ಯಾರಿಯರ್‌ವರೆಗೆ ತರಲು ಹೇಳಿ. ಮೈ ಸಲೀಸಾಗಿ ಬಂದರೆ, ಮತ್ತು ಕಲಿಯುವ ತಾಳ್ಮೆ ಇದೆ ಎಂದು ಅವರೇ ಹೇಳಿದರೆ, ಕ್ವಾಡ್ ಪಟ್ಟಿಯಲ್ಲಿರಲಿ. ಹಿಡಿ ಎಟುಕಿಸಲು ಸೀಟಿನಿಂದ ಜಾರಿಕೊಂಡು ಮುಂದೆ ಬಗ್ಗುತ್ತಿದ್ದಾರೆ ಅಂದರೆ, ನಿಲ್ಲಿಸಿಟ್ಟ ಗಾಡಿಯಲ್ಲೇ ಅಷ್ಟು ಕಷ್ಟ. ಇಳಿಯಲು ಹೇಳಿ, ಪಕ್ಕದಲ್ಲಿರುವ ಸೈಡ್-ಬೈ-ಸೈಡ್‌ನ ಬೆಲ್ಟ್ ಹಾಕಿಸಿ ನೋಡಿ.